ಅವರ ಪಾಲಿನ ಸಾರು

ಕಪ್ಪೆ ಮುಟ್ಟಿದ ಕೈ ಎಂದು ಅತ್ತೆ ನನ್ನನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಅರವತ್ತರ ದಶಕದ ಕೊನೆ ಅದು. ಹಲಸೂರಿನಲ್ಲಿ ನಮ್ಮದು ಬಾಡಿಗೆ ಮನೆ. ಶಿವಾಜಿನಗರದ ಆಚೆ ಒಂದು ವೈದ್ಯಕೀಯ ಪ್ರಯೋಗಾಲಯದಲ್ಲಿ ನನ್ನ ಸಂಶೋಧನೆ. ಕೆ.ಆರ್. ಪುರದ ಕೆರೆಯಿಂದ ಗೋಣಿಚೀಲದಲ್ಲಿ ಕಪ್ಪೆಗಳು ಬರುತ್ತಿದ್ದವು. ಕಪ್ಪೆಯ ಹೊಟ್ಟೆಯ ಚರ್ಮವನ್ನು ಎರಡು ಗಾಜಿನ ಕೋಣೆಗಳ ನಡುವೆ ಬಿಗಿದು, ಎರಡೂ ಕಡೆ ಉಪ್ಪುನೀರು ತುಂಬಿದರೆ, ಅದು ಸೋಡಿಯಂ ಅನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತದೆ. ಮೂತ್ರಪಿಂಡದ ಮೇಲೆ ಕೂತ ಪುಟ್ಟ ಗ್ರಂಥಿಯ ಹಾರ್ಮೋನು ಬೆರೆಸಿದರೆ ಇನ್ನೂ ಜೋರಾಗಿ ಎಳೆಯುತ್ತದೆ. ನಮ್ಮೊಳಗೂ ಅದೇ ಹಾರ್ಮೋನು ಉಪ್ಪನ್ನು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಅನ್ನು ಹೊರಕ್ಕೆ ತಳ್ಳುತ್ತದೆ. ಇದರಲ್ಲಿ ನನಗಿದ್ದ ಖುಷಿ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ.

“ಸ್ನಾನ ಮಾಡಿದ್ರೆ ಹೋಗೋ ಮೈಲಿಗೆ ಅಲ್ಲ ಕಣಮ್ಮ ಅದು” ಎನ್ನುತ್ತಿದ್ದರು ಅತ್ತೆ. ಅವರು ಬಡಿಸಿದ್ದನ್ನು ನಡುಮನೆಯಲ್ಲಿ ಕೂತು ಉಣ್ಣುತ್ತಿದ್ದೆ. ನನ್ನ ಸಂಬಳಕ್ಕೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ.

ನನ್ನ ಗಂಡ ಸರ್ಕಾರಿ ಕಾರ್ಖಾನೆಯಲ್ಲಿ ಗುಮಾಸ್ತರು. ನಲವತ್ತು ತುಂಬುವ ಮೊದಲೇ ರಕ್ತದೊತ್ತಡ ಅಂಟಿಕೊಂಡಿತು, ಯಾವ ಮಾತ್ರೆಗೂ ಜಗ್ಗಲಿಲ್ಲ. ಬಸ್ಸು ಹತ್ತುವಾಗ ಕಾಲಲ್ಲಿ ಬಲವೇ ಇರುವುದಿಲ್ಲ ಎಂದರು. ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಆ ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನು ಮಿತಿಮೀರಿದರೆ, ಪೊಟ್ಯಾಸಿಯಂ ಇಳಿದು ಹೀಗೇ ಆಗುತ್ತದೆ. ಗಂಟು ತೆಗೆದರೆ ಮನುಷ್ಯ ಉಳಿದುಕೊಳ್ಳಬಹುದು ಎಂದು ಅವರಿಗೆ ಹೇಳಿದೆ.

“ಅಂದ್ರೆ ಆಪರೇಷನ್ನಾ?” ಎಂದರು.

“ಮೊದ್ಲು ರಕ್ತ ಟೆಸ್ಟ್ ಮಾಡೋಣ ರೀ. ಒಂದು ವಾರ ಉಪ್ಪು ಜಾಸ್ತೀನೇ ತಿನ್ನಿ. ಉಪ್ಪು ಬಿಟ್ಬಿಟ್ರೆ ಪೊಟ್ಯಾಸಿಯಂ ಸರಿಯಾಗೇ ಕಾಣುತ್ತೆ, ಕಾಯಿಲೆ ಅಡಗಿಕೊಳ್ಳುತ್ತೆ.”

ಅಡುಗೆಮನೆಯ ಹೊಸ್ತಿಲಾಚೆ ನಿಂತು ಅತ್ತೆಗೂ ಅದನ್ನೇ ಬಿಡಿಸಿ ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ವಾರ ಕಳೆದ ಮೇಲೆ ಅವರ ರಕ್ತವನ್ನು ನಾನೇ ಅಳೆದೆ. ಪೊಟ್ಯಾಸಿಯಂ ಸರಿಯಾಗಿತ್ತು. ನಂಬದೆ ಮತ್ತೆ ಅಳೆದರೂ ಅದೇ ಬಂತು. ಅವರನ್ನು ನೋಡುತ್ತಿದ್ದ ರಿಚರ್ಡ್ಸ್ ಟೌನಿನ ಹಿರಿಯ ವೈದ್ಯರು ನಕ್ಕುಬಿಟ್ಟರು. “ಏನಮ್ಮಾ, ಕಪ್ಪೆ ನೋಡಿ ನೋಡಿ ಗಂಡನಲ್ಲೂ ಅದೇ ಕಾಣ್ತಿದ್ಯಾ? ಬರೀ ಟೆನ್ಷನ್ ಅಷ್ಟೇ.” ಇನ್ನೊಂದು ಸಲ ನೋಡೋಣವೆಂದು ಗಂಡನ ಮುಂದೆ ಗೋಗರೆದೆ. “ರಿಪೋರ್ಟ್ ಚೆನ್ನಾಗೇ ಬಂತಲ್ಲ, ಇನ್ನೇನು ಬೇಕು ನಿಂಗೆ?” ಎಂದು ಎದ್ದುಹೋದರು.

ಮುಂದಿನ ಬೇಸಿಗೆಯಲ್ಲಿ ಕಾರ್ಖಾನೆಯಲ್ಲೇ ಕುಸಿದು ಬಿದ್ದರು. ಮಿದುಳಿನಲ್ಲಿ ರಕ್ತಸ್ರಾವ. ಜೀವಂತವಾಗಿ ಮನೆಗೆ ಬರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಊಟ ಮುಗಿದು ನೆಂಟರೆಲ್ಲ ಕೂತಿದ್ದಾಗ ಅತ್ತೆ ಅಳುತ್ತಾ ಹೇಳಿದರು: “ಆ ಟೆಸ್ಟಿನ ವಾರ ನನ್ನ ಮಗ ಬಂದು ‘ಅಮ್ಮ, ನನ್ನ ಪಾಲಿಗೆ ಉಪ್ಪು ಹಾಕ್ಬೇಡ, ರಿಪೋರ್ಟ್ ಚೆನ್ನಾಗಿ ಬಂದ್ರೆ ಕೊಯ್ಯಲ್ಲ’ ಅಂದ. ಅವನ ಸಾರು ಬೇರೆ ತೆಗೆದಿಟ್ಟು, ಆಮೇಲೆ ಉಪ್ಪು ಹಾಕ್ತಿದ್ದೆ. ರಿಪೋರ್ಟು ಎಷ್ಟು ಚೆನ್ನಾಗಿ ಬಂತು! ಹಾಗೇ ಉಪ್ಪಿಲ್ಲದೆ ನಡೆಸಿಕೊಂಡು ಹೋಗಿದ್ರೆ ಉಳೀತಿದ್ದ. ಇವಳು ಉಪ್ಪು ತಿನ್ನಿ, ಉಪ್ಪು ತಿನ್ನಿ ಅಂದ್ಲಲ್ಲ!”

“ನಿಮ್ಮ ಆ ವಾರದ ಸಾರೇ ಅವರನ್ನ ಕೊಂದಿದ್ದು ಅತ್ತೆ” ಎಂದೆ. ಗ್ರಂಥಿ, ಸೋಡಿಯಂ, ಪೊಟ್ಯಾಸಿಯಂ, ಎಲ್ಲವನ್ನೂ ಅಲ್ಲೇ ಹೇಳಿದೆ. ಯಾರಿಗೂ ಬೇಕಾಗಿರಲಿಲ್ಲ. “ಸುಮ್ನಿರಮ್ಮ, ಹೆತ್ತ ಹೊಟ್ಟೆ ಅದು” ಎಂದು ನೆಂಟರೊಬ್ಬರು ಗದರಿದರು. ಗಂಟು ಇತ್ತೋ ಇಲ್ಲವೋ, ಈಗ ಯಾರು ಹೇಳಬಲ್ಲರು? ತಿಳಿಯುವ ದಾರಿಯನ್ನೇ ತಾಯಿ ಮಗ ಸೇರಿ ಮುಚ್ಚಿಬಿಟ್ಟಿದ್ದರು. ಆ ಬಂಧುಬಳಗದಲ್ಲಿ ನಾನು ಇವತ್ತಿಗೂ ಉಪ್ಪು ತಿನ್ನಿಸಿ ಗಂಡನನ್ನು ಕೊಂದವಳು.

ಅತ್ತೆಯ ಮೇಲಿನ ಸಿಟ್ಟು ವರ್ಷಗಳು ಕಳೆದಂತೆ ಸವೆಯಿತು. ಗಂಡನ ಮೇಲಿನದು ಸವೆದಿಲ್ಲ. ಆಪರೇಷನ್ ಎಂದರೆ ಹೆದರಿಕೆ ಆಗುತ್ತದೆ ಎಂದು ನನಗೊಂದು ಮಾತು ಹೇಳಬಹುದಿತ್ತು. ಅದರ ಬದಲು ಆ ವಾರ ದಿನಾ ನನ್ನ ಪಕ್ಕದಲ್ಲೇ ಕೂತು, ಸಪ್ಪೆ ಸಾರನ್ನು ಸುರಿದುಕೊಳ್ಳುತ್ತಾ, “ಇವತ್ತು ಉಪ್ಪು ತೀರಾ ಜಾಸ್ತಿ ಆಯ್ತು ಕಣೇ” ಎಂದು ಮುಖ ಹಿಂಡುತ್ತಿದ್ದರು, ನಾನು ನಂಬಲಿ ಎಂದು.