ಗಂಧಕ ಅರೆದ ಮಾನಪ್ಪ

ಯಾದಗಿರಿ ಕಡೆಯ ಮಾನಪ್ಪ ಹತ್ತು ವರ್ಷ ಶಿವಾಜಿನಗರದ ಗುಜರಿಯಲ್ಲಿ ಹಳೇ ಬ್ಯಾಟರಿಗಳನ್ನು ಸುತ್ತಿಗೆಯಿಂದ ಒಡೆದ. ಆಮೇಲೆ ಕೆ.ಆರ್. ಪುರದ ಶೆಡ್ಡೊಂದರಲ್ಲಿ ಹೊಸ ಬ್ಯಾಟರಿ ಕಟ್ಟುವ ಕೆಲಸಕ್ಕೆ ಸೇರಿದ. ಒಡೆಯುವವನೇ ಕಟ್ಟಲು ಕೂತದ್ದು ದೇವರ ತಮಾಷೆಯೇ ಸರಿ.

ಶೆಡ್ಡಿನ ಒಡತಿ ಲುಬ್ನಾ ಫ್ರೇಜರ್ ಟೌನಿನವಳು, ತುಂಬ ಓದಿದವಳು. ಲಿಥಿಯಂ-ಗಂಧಕದ ಬ್ಯಾಟರಿ ಹಗುರ, ಕಸುವೂ ಹೆಚ್ಚು. ಆದರೆ ಗಂಧಕ ಒಳಗೊಳಗೇ ಕರಗಿ ಓಡಿಹೋಗುತ್ತದೆ. ಅದನ್ನು ಹಿಡಿದಿಡಲು ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ಇಂಗಾಲ ಬೇಕು. ಎರಡನ್ನೂ ಅರೆದು, ಗಂಧಕ ಕರಗಿ ಆ ತೂತುಗಳಿಗೆ ಇಳಿಯುವಂತೆ ಕಾಯಿಸುವುದು ಮಾನಪ್ಪನ ಕೆಲಸ. ಅವನು ಅರೆದ ಪುಡಿಯ ಸೆಲ್‌ಗಳು ಇನ್ನೂರ ತೊಂಬತ್ತು ಸಲ ಚಾರ್ಜಾಗಿ ಇಳಿದಿದ್ದವು. ಮುನ್ನೂರು ಮುಟ್ಟಿದರೆ ದುಡ್ಡು ಹಾಕುವವರು ಸಿಕ್ಕಿ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಬೀಗ.

ಆಯುಧಪೂಜೆ ಬಂತು. ತೊಳೆಯದ ಸಾಮಾನಿಗೆ ಕುಂಕುಮ ಇಡುವುದುಂಟೇ? ಮಾನಪ್ಪ ಬೆಳಿಗ್ಗೆಯೇ ಬಂದು ಸ್ಪ್ಯಾನರಿನಿಂದ ಹಿಡಿದು ಲಿಥಿಯಂ ಚೂರು ಹಾಕುವ ಡಬ್ಬಿಯವರೆಗೆ ಎಲ್ಲ ತೊಳೆದಿಟ್ಟ. ಲಿಥಿಯಂಗೆ ನೀರು ತಾಗಿದರೆ ಬೆಂಕಿಯೆಂದು ಅವನಿಗೆ ಗೊತ್ತಿತ್ತು; ಡಬ್ಬಿ ಖಾಲಿ ಇದೆಯಲ್ಲ ಅಂದುಕೊಂಡ. ಮಧ್ಯಾಹ್ನ ಟೆಕ್ನಿಷಿಯನ್ ಕೆಂಪರಾಜ್ ನೋಡದೆ ಅದಕ್ಕೇ ಚೂರು ಸುರಿದ. ತಳದಲ್ಲಿ ನೀರು ಉಳಿದಿತ್ತು.

ಡಬ್ಬಿ ಸಿಡಿಯಿತು. ಪರೀಕ್ಷೆಗಿಟ್ಟ ಸೆಲ್‌ಗಳ ಕಪಾಟಿನ ಪಕ್ಕದಲ್ಲೇ ಕೆಂಪು ಬೆಂಕಿ ಎದ್ದಿತು. ಕೆಂಪರಾಜ್ ದಿಕ್ಕುತಪ್ಪಿ ನೀರಿನ ಬಕೆಟ್ ಎತ್ತಿಕೊಂಡು ಓಡಿದ. "ನೀರು ಬ್ಯಾಡ್ರೀ" ಎಂದು ಮಾನಪ್ಪ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ. ಮಾನಪ್ಪ ಸ್ಪ್ಯಾನರ್ ಬೀಸಿದ. ದವಡೆ ಲಟಕ್ಕೆಂದಿತು, ಎರಡು ಹಲ್ಲು ನೆಲಕ್ಕೆ ಬಿದ್ದವು, ಬಕೆಟ್ ಬಾಗಿಲ ಕಡೆ ಉರುಳಿತು. ಬರಿಗೈಯಲ್ಲೇ ಒಣ ಮರಳು ಬಾಚಿ ಬಾಚಿ ಸುರಿದು ಮಾನಪ್ಪ ಬೆಂಕಿಯನ್ನು ಮುಚ್ಚಿದ. ಅಂಗೈ ಬೆಂದು ಸುಲಿಯಿತು.

ಓಡಿಬಂದ ಲುಬ್ನಾ ಬಕೆಟ್ ನೋಡಿದಳು. "ಕೆಂಪರಾಜ್, ಲಿಥಿಯಂ ಮೇಲೆ ನೀರು ಹಾಕಿದ್ರಾ? ಇವತ್ತೇ ಹೊರಡಿ ನೀವು," ಎಂದಳು. ಕೆಂಪರಾಜ್ ಮುರಿದ ದವಡೆ ಹಿಡಿದುಕೊಂಡೇ ಇಲ್ಲವೆಂದು ಕೈಯಾಡಿಸಿದ.

ಮಾನಪ್ಪ ಸುಮ್ಮನಿದ್ದರೆ ಸಾಕಿತ್ತು. ಆದರೆ ಅವನು ನಾಚಿಕೆಯಿಂದ ತಲೆ ತಗ್ಗಿಸಿ ಮುಂದೆ ಬಂದ. "ಅವ್ರ ತಪ್ಪಿಲ್ರೀ ಮೇಡಂ. ಡಬ್ಬಿ ತೊಳ್ದು ಒಣಗಿಸಲಾರ್ದ ಇಟ್ಟಾಂವ ನಾನು," ಅಂದ.

ಕೆಂಪರಾಜ್ ಎದ್ದು ಬಂದು ಅವನ ಎದೆಗೆ ಒದ್ದ. ಬಿದ್ದವನ ಪಕ್ಕೆಗೆ ಮತ್ತೆ ಮತ್ತೆ ಒದ್ದ. ಮಾನಪ್ಪ ಕೈ ಅಡ್ಡ ಹಿಡಿಯಲಿಲ್ಲ, ಲುಬ್ನಾ ತಡೆಯಲಿಲ್ಲ.

ಮುಂದಿನ ವಾರ ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿ ಹೆಂಡತಿ ಶೇಷಮ್ಮ ಅವನಿಗೆ ತುತ್ತು ಕೊಡುತ್ತಾ, "ಮುನ್ನೂರು ದಾಟಿತಂತ," ಅಂದಳು. ಮಾನಪ್ಪ ಹಿಗ್ಗಿ ನಕ್ಕ. ಮುರಿದ ಪಕ್ಕೆಲುಬು ಚುಚ್ಚಿತು.

"ಪುಡಿ ಅರಿಯಾಕ ಬ್ಯಾರೆಯವ್ರನ್ನ ಇಟ್ಕೊಂಡಾರಂತ," ಅಂದಳು ಅವಳು. ಅವನು ತುತ್ತು ನುಂಗಿದ.