ಕುಬುಸಕ್ಕೆ ಕಾಪಿಟ್ಟ ಬಾಳೆ

ಬಸುರಿ ತಂಗಿಯ ಕುಬುಸದ ಕಾರ್ಯಕ್ಕೆಂದು ತೋಟದಲ್ಲಿ ಪುಟ್ಟಬಾಳೆ ಗೊನೆ ಕಡಿದ ಮಾರನೆಯ ದಿನವೇ ಜಗಳೂರಿನಿಂದ ಫೋನ್ ಬಂತು. ಅವಳ ಗಂಡನ ಮನೆ ಕಡೆ ಯಾರೋ ತೀರಿಕೊಂಡಿದ್ದರು. ಕಾರ್ಯ ಹತ್ತು ದಿನ ಮುಂದೆ ಹೋಯಿತು. ಉಡಿ ತುಂಬಲು ಆ ಗೊನೆಯ ಹಣ್ಣೇ ಆಗಬೇಕೆಂದು ಅವ್ವನ ಹಟ. ತಂಗಿಗೆ ಹಿಂದೊಮ್ಮೆ ಐದನೇ ತಿಂಗಳಲ್ಲಿ ಬಸಿರು ಹೋಗಿತ್ತು. ಈ ಸಲ ಅವ್ವ ಬೆಕ್ಕು ಅಡ್ಡ ಬಂದರೂ ಬೆಚ್ಚುತ್ತಿದ್ದಳು.

ನನಗೋ ಒಳಗೊಳಗೇ ಖುಷಿ, ಬಾಳೆ ಬೇಗ ಹಣ್ಣಾಗದಂತೆ ತಡೆಯುವ ವಿದ್ಯೆ ತೋರಿಸಬಹುದಲ್ಲ ಎಂದು. ಹಿಂದಿನ ತಿಂಗಳಷ್ಟೇ ಚನ್ನಗಿರಿಯಲ್ಲಿ ರೈತರ ತರಬೇತಿಗೆ ಹೋಗಿ ಬಂದಿದ್ದೆ. ಹಣ್ಣಾದ ಬಾಳೆ ಬಿಡುವ ಗಾಳಿಗೆ ಪಕ್ಕದ ಕಾಯಿಗಳೂ ಹಣ್ಣಾಗುತ್ತವಂತೆ. ಪರ್ಮಾಂಗನೇಟ್ ನೀರಲ್ಲಿ ಅದ್ದಿ ಒಣಗಿಸಿದ ಸೀಮೆಸುಣ್ಣ ಆ ಗಾಳಿಯನ್ನು ಹೀರಿಕೊಳ್ಳುತ್ತದಂತೆ. ಐದು ಚಿಪ್ಪು ಬಿಡಿಸಿ, ಅಂಟು ತೊಳೆದು, ಆರಿಸಿ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೀಮೆಸುಣ್ಣದ ಪುಟ್ಟ ಗಂಟು ಇಟ್ಟು ಬಾಯಿ ಕಟ್ಟಿದೆ. ನಾಲ್ಕನ್ನು ಕೆಳಗೆ, ಜಾಗ ಸಾಲದೆ ಒಂದನ್ನು ಮೇಲಿನ ಶೆಲ್ಫಿನಲ್ಲಿ ಇಟ್ಟೆ.

ಐದನೇ ದಿನ ನೋಡಿದರೆ ಕೆಳಗಿನ ನಾಲ್ಕೂ ಹಳದಿ, ಮೇಲಿನದು ಮಾತ್ರ ಹಸಿರು. ಅದೇ ಗೊನೆ, ಅದೇ ಸೀಮೆಸುಣ್ಣ. ನೆಲದ ಕಾವೋ, ಚೀಲ ತೂತೋ, ನನ್ನ ಹಣೆಬರಹವೋ? ತಲೆ ಕೆಟ್ಟುಹೋಯಿತು. ತರಬೇತಿ ಕೊಟ್ಟವರಿಗೇ ಫೋನ್ ಮಾಡಿ ಜಗಳವಾಡಿದೆ.

"ಚೀಲ ಏನಾದ್ರೂ ಬಿಚ್ಚಿದ್ರೇನ್ರಿ?" ಅಂದರು ಅವರು.

"ನಾನ್ಯಾಕೆ ಬಿಚ್ಚಲ್ರೀ!"

ಎಂಟನೇ ದಿನ ಕಪ್ಪಾದ ಹಣ್ಣುಗಳನ್ನು ದನಕ್ಕೆ ಸುರಿಯಲು ಹೋದೆ. ನಾಲ್ಕು ಚೀಲದಲ್ಲೂ ಒಂದೊಂದು ಕೊಳೆತ ಪಚ್ಚಬಾಳೆ ಹಣ್ಣು, ಅದರ ಮೇಲೆ ಅರಿಶಿನ ಕುಂಕುಮ. ನಮ್ಮ ತೋಟದ್ದಲ್ಲ, ಅವ್ವ ಸಂತೇಬೆನ್ನೂರು ಸಂತೆಯಿಂದ ತಂದದ್ದು. ಬಸುರಿಯ ಉಡಿಗೆಂದು ಎತ್ತಿಟ್ಟದ್ದು ಬರೀ ಕಾಯಿಯಾಗಿರಬಾರದು, ಜೊತೆಗೊಂದು ಹಣ್ಣಿರಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಚೀಲ ಬಿಚ್ಚಿ, ಹಣ್ಣಿಟ್ಟು, ಮೊದಲಿದ್ದ ಹಾಗೇ ಕಟ್ಟಿದ್ದಳು. ಶೆಲ್ಫು ಮಾತ್ರ ಅವಳಿಗೆ ಎಟುಕಿರಲಿಲ್ಲ.

ಕೋಪ ನೆತ್ತಿಗೇರಿತು. ಕೂಗಬೇಕೆನ್ನುವಷ್ಟರಲ್ಲಿ ಅವ್ವನೇ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಉಡಿ ಹಣ್ಣು ಹಿಂಗೆ ಕೆಟ್ರೆ ಆ ಹುಡುಗಿಗೆ ಏನಾದ್ರೂ ಆಗ್ತೈತೇನಪ್ಪಾ?"

ನಿಜ ಹೇಳಿದರೆ ತನ್ನ ಕೈಯಿಂದಲೇ ಕೆಟ್ಟಿತೆಂದು ಕೊರಗುತ್ತಾಳೆ. ಸುಮ್ಮನಿದ್ದರೆ ಅಪಶಕುನ ಎನ್ನುತ್ತಾಳೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ನಂಗೆ ಔಷಧಿ ಕಲಸಾಕೆ ಬರ್ಲಿಲ್ಲವ್ವಾ. ತಪ್ಪು ನಂದೇ."

"ನಿಂದೇನಾ? ಖರೇನಾ?"

"ನಂದೇ."

ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬೈಯಲು ಶುರುಮಾಡಿದಳು: "ತರಬೇತಿಯಂತೆ, ಮಣ್ಣಂತೆ!" ಕುಬುಸದ ದಿನಕ್ಕೂ ಮೇಲಿನ ಚಿಪ್ಪು ಕಾಯಿಯಾಗೇ ಇತ್ತು; ದಾವಣಗೆರೆಯಲ್ಲಿ ಹಣ್ಣು ಕೊಳ್ಳುವಾಗಲೂ ಬೈದಳು. ಅಷ್ಟು ದಿನ ಸರಿಯಾಗಿ ಉಣ್ಣದಿದ್ದವಳು ಬಸ್ಸಿನಲ್ಲಿ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದು, ನೀರು ಕುಡಿದು, ಮತ್ತೆ ಬೈದಳು.