ಹೊಗೆಕೊಳವೆಯ ಬಾಯಿ

ಅವನು ಹೇಡಿ, ಸಾಲದ್ದಕ್ಕೆ ಸ್ವಾರ್ಥಿ. ತನಗೆ ಲಾಭವಿಲ್ಲದ ಕೆಲಸಕ್ಕೆ ಅವನು ಕಿರುಬೆರಳನ್ನಾದರೂ ಅಲ್ಲಾಡಿಸಿದ್ದನ್ನು ಯಾರೂ ಕಂಡಿಲ್ಲ. ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಡೀಸೆಲ್ ಜನರೇಟರ್ ನಡೆಸುವುದು ಅವನ ಉದ್ಯೋಗ. ಕರೆಂಟು ಹೋದರೆ ಒಂದು ಗುಂಡಿ ಒತ್ತಬೇಕು, ಬಂದರೆ ಇನ್ನೊಂದು. ಇಷ್ಟಕ್ಕೇ ಅವನು ತನ್ನನ್ನು ಎಂಜಿನಿಯರ್ ಎಂದು ಹೇಳಿಕೊಳ್ಳುತ್ತಿದ್ದ. ನರ್ಸುಗಳೂ ಹಾಗೆಯೇ ಕರೆಯುತ್ತಿದ್ದರು. ಕರೆದು, ನಗು ತಡೆಯಲಾರದೆ ಮುಖ ಅತ್ತ ತಿರುಗಿಸಿಕೊಳ್ಳುತ್ತಿದ್ದರು.

ಅವನ ಶ್ರದ್ಧೆಯೆಲ್ಲ ದೊಡ್ಡ ಡಾಕ್ಟರ ಬಿಳಿ ಕಾರಿನ ಮೇಲೆ. ದಿನಾ ಬೆಳಿಗ್ಗೆ, ಯಾರೂ ಹೇಳದಿದ್ದರೂ, ಅದನ್ನು ತೊಳೆದು ಒರೆಸುತ್ತಿದ್ದ. ದೊಡ್ಡ ಡಾಕ್ಟರೂ ಸಾಮಾನ್ಯರಲ್ಲ. ನಗರದ ಗಾಳಿ ಹಸುಗೂಸುಗಳ ಶ್ವಾಸಕೋಶವನ್ನು ಹೇಗೆ ಕೆಡಿಸುತ್ತದೆ, ತಿಂಗಳು ತುಂಬದೆ ಹುಟ್ಟಿದ ಕೂಸು ಅದಕ್ಕೆ ಹೇಗೆ ಬಲಿಯಾಗುತ್ತದೆ ಎಂದು ಸಭೆಗಳಲ್ಲಿ ಸೊಗಸಾಗಿ ಭಾಷಣ ಬಿಗಿಯುವವರು. ಅವರ ಕಾರು ನಿಲ್ಲುತ್ತಿದ್ದದ್ದು ಜನರೇಟರ್ ಪಕ್ಕದ ನೆರಳಿನಲ್ಲಿ. ಒಮ್ಮೆ ಬಾನೆಟ್ ಮೇಲೆ ಮಸಿ ಕೂತದ್ದು ಕಂಡು, "ಏನಯ್ಯ ಇದು?" ಎಂದರು.

ಅಷ್ಟೇ ಸಾಕಾಯಿತು. ಅಂದೇ ಅವನು ಸ್ಪ್ಯಾನರ್ ಹಿಡಿದು, ಹೊಗೆಕೊಳವೆಯ ತುದಿಗಿದ್ದ ಬಾಗಿದ ತುಂಡನ್ನು ಸಡಿಲಿಸಿ, ಅದರ ಬಾಯನ್ನು ಕಾರಿನ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿದ. ಮೇಲೆ ಮಾಡು ಅಡ್ಡ. ತಿರುಗಿಸಲು ಇದ್ದದ್ದು ಆ ಎರಡೇ ದಿಕ್ಕು. ಗೋಡೆಯಲ್ಲೊಂದು ಕಿಟಕಿ, ಕಿಟಕಿಯ ಒಳಗೆ ನಿತ್ರಾಣ ಕೂಸುಗಳ ವಾರ್ಡು. ಮಾರನೆಯ ದಿನ ದೊಡ್ಡ ಡಾಕ್ಟರು ಕಾರು ನೋಡಿ ತಲೆದೂಗಿದರು. ಹೊಗೆ ಎತ್ತ ಹೋಯಿತು ಎಂದು ಕೇಳಲಿಲ್ಲ.

ಕೇಳಿದವರು ವಾರ್ಡಿನ ಹಿರಿಯ ನರ್ಸ್.

"ಎಂಜಿನಿಯರ್ರೇ, ಬೀದಿ ಬಸ್ಸುಗಳ ಹೊಗೇನೇ ಮಕ್ಕಳಿಗೆ ಹೊಟ್ಟೆ ತುಂಬಾ ಸಿಗ್ತಿದೆ. ಅದರ ಮೇಲೆ ನೀವು ಬೇರೆ ಬಡಿಸ್ಬೇಕಾ?"

"ಕಿಟಕಿ ಹಾಕ್ಕೊಳ್ಳಿ ಸಿಸ್ಟರ್."

"ಗಾಜು ಒಡೆದು ಯಾವ ಕಾಲ ಆಯ್ತು. ಅದನ್ನಾದ್ರೂ ಹಾಕ್ಸಿ ಪುಣ್ಯ ಕಟ್ಕೊಳ್ಳಿ."

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ."

ಆ ಚಳಿಗಾಲ ಕಿಟಕಿ ಪಕ್ಕದ ತೊಟ್ಟಿಲಿನಲ್ಲಿದ್ದ ಮಗುವೊಂದು ತೀರಿಕೊಂಡಿತು. ಹೊಗೆಯೇ ಕಾರಣ ಎಂದು ಆಣೆಯಿಟ್ಟು ಹೇಳುವವರು ಯಾರೂ ಇರಲಿಲ್ಲ. ಹೊಗೆಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಕೇಳದವರಿಗೂ ಹೇಳಿಕೊಂಡು ತಿರುಗಿದವನು ಮಾತ್ರ ಒಬ್ಬನಿದ್ದ.

ಆಮೇಲೆ ಅವನ ತಂಗಿಗೇ ದಿನ ತುಂಬುವ ಮೊದಲು ಹೆರಿಗೆಯಾಯಿತು. ಗಂಡು ಕೂಸು. ಅದೇ ವಾರ್ಡು, ಅದೇ ತೊಟ್ಟಿಲು. ಜನರೇಟರ್ ಗುಡುಗಿದಾಗಲೆಲ್ಲ ಕೂಸಿನ ಪಕ್ಕೆಗಳು ಒಳಕ್ಕೆ ಸೆಳೆದುಕೊಂಡು ತುಟಿ ನೀಲಿಗಟ್ಟುತ್ತಿತ್ತು.

"ಅಣ್ಣಾ, ನಿನ್ನ ಮಿಷನ್ ಕೂಗಿದ್ರೆ ಸಾಕು, ಇವನಿಗೆ ಉಸಿರು ಕಟ್ಟುತ್ತೆ," ಎಂದಳು ತಂಗಿ.

ಈಗಲಾದರೂ ಕೊಳವೆ ತಿರುಗಿಸಿದನೆ? ಇಲ್ಲ. ಗುಮಾಸ್ತನ ಕೈಕಾಲು ಹಿಡಿದು ಅಳಿಯನ ತೊಟ್ಟಿಲನ್ನು ಬಾಗಿಲ ಬಳಿಗೆ ಹಾಕಿಸಿದ. ಕಿಟಕಿ ಪಕ್ಕಕ್ಕೆ ಇನ್ನೊಬ್ಬಳ ಹೆಣ್ಣುಕೂಸು ಬಂತು.

"ಭೇಷ್," ಎಂದರು ಹಿರಿಯ ನರ್ಸ್. "ಸೋದರಮಾವ ಅಂದ್ರೆ ಹೀಗಿರ್ಬೇಕು."

ಅವನು ಹೊಗಳಿಕೆಯೆಂದೇ ತಿಳಿದು ಹಲ್ಲು ಕಿರಿದ.

ಅಳಿಯ ಚೇತರಿಸಿಕೊಂಡ. ಮನೆಗೆ ಹೊರಡುವ ದಿನ ತಂಗಿಯ ಗಂಟುಮೂಟೆ ಎತ್ತಿಕೊಳ್ಳಲು ಅವನು ವಾರ್ಡಿಗೆ ಬಂದ. ಕಿಟಕಿ ಪಕ್ಕದ ತಾಯಿ ಒಡೆದ ಗಾಜಿನ ಜಾಗಕ್ಕೆ ಒದ್ದೆ ಬಟ್ಟೆಯೊಂದನ್ನು ಕಟ್ಟಿಕೊಂಡಿದ್ದಳು. ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆ ಬಟ್ಟೆಯನ್ನು ಕಿಟಕಿಯಿಂದ ಬಿಚ್ಚಿ ಅವನ ಕೈಗಿಟ್ಟಳು.

"ಅಣ್ಣಾ, ಒಂದುಪಕಾರ. ಇದನ್ನ ಒಗೆದು ತಂದ್ಕೊಡ್ತೀರಾ? ಇವಳನ್ನ ಬಿಟ್ಟು ಕದಲೋ ಹಾಗಿಲ್ಲ ನಾನು."

"ಇದೇನಮ್ಮಾ, ಇಷ್ಟು ಕಪ್ಪಗೆ?" ಬಾಯಿಗೆ ಬಂದದ್ದನ್ನು ಆಡಿಬಿಟ್ಟ.

"ಊರಿನ ಗಾಳಿ ಅಣ್ಣಾ. ಯಾರನ್ನಂತ ಬೈಯೋದು?"

ಅವಳ ಮಡಿಲಲ್ಲಿ ಕೂಸಿನ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಅದರ ತುಟಿಯ ಬಣ್ಣ ಅವನಿಗೆ ಗುರುತಿತ್ತು.

ಜನರೇಟರ್ ಪಕ್ಕದ ನಲ್ಲಿಯಲ್ಲಿ ಬಟ್ಟೆ ಒಗೆದ. ಎಷ್ಟು ಹಿಂಡಿದರೂ ನೀರು ಕಪ್ಪಗೇ ಇಳಿಯುತ್ತಿತ್ತು, ಅವನ ಉಗುರಿನ ಸಂದಿಯಲ್ಲಿ ಸದಾ ಇರುವ ಅದೇ ಕಪ್ಪು. ಗೇಟಿನ ಹತ್ತಿರದಿಂದ ತಂಗಿ ಕೂಗಿದಳು. "ಅಣ್ಣಾ, ಆಟೋದವನು ಗೊಣಗ್ತಿದ್ದಾನೆ. ಬರ್ತೀಯೋ ಇಲ್ವೋ?"

"ನೀವು ನಡೀರಿ," ಎಂದ.

ಬಟ್ಟೆಯನ್ನು ಒಳಗೆ ಕೊಟ್ಟು ಬಂದು ಸ್ಪ್ಯಾನರ್ ಎತ್ತಿಕೊಂಡ. ಬೋಲ್ಟು ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಬಡಿದು ಬಿಡಿಸಿ, ಬಾಗಿದ ತುಂಡನ್ನು ಮೊದಲಿದ್ದ ಕಡೆಗೇ ತಿರುಗಿಸಿ ಬಿಗಿದ. ಬಿಳಿ ಕಾರು ಅಲ್ಲೇ ನಿಂತಿತ್ತು, ಬೆಳಿಗ್ಗೆ ಅವನೇ ತೊಳೆದದ್ದು.

ಮಧ್ಯಾಹ್ನ ಕರೆಂಟು ಹೋಯಿತು. ಗುಂಡಿ ಒತ್ತಿದ. ಮೊದಲ ಕರಿಹೊಗೆ ಹೊರಳಿಕೊಂಡು ಹೋಗಿ ಬಾನೆಟ್ ಮೇಲೆ ಕೂತಿತು. ದೊಡ್ಡ ಡಾಕ್ಟರ ಡ್ರೈವರ್ ಓಡಿ ಬಂದ.

"ಕಣ್ಣು ಕಾಣಲ್ವೇನಯ್ಯ? ಒರೆಸು, ಒರೆಸು, ಸಾಹೇಬ್ರು ಬರ್ತಿದ್ದಾರೆ."

ಕಾರು ಒರೆಸುವ ಬಟ್ಟೆ ಅವನ ಹೆಗಲ ಮೇಲೇ ಇತ್ತು. ಅದರಿಂದ ತನ್ನ ಕೈ ಒರೆಸಿಕೊಂಡು, ಮತ್ತೆ ಹೆಗಲಿಗೇ ಹಾಕಿಕೊಂಡ.